ರಾಗದ ಪಾಠಾಂತರಗಳು

ಹಳಗನ್ನಡ ಕಾವ್ಯವನ್ನು ಕಲಿಸಿ ಹೊಟ್ಟೆ ಹೊರೆಯುವವನಿಗೆ ‘ಪಾಠಾಂತರ’ವೆಂಬ ಮಾತು ನಿತ್ಯದ ಒಡನಾಡಿ. ಒಂದು ಕಾವ್ಯಕ್ಕೆ ನಾಲ್ಕು ಓಲೆಯ ಪ್ರತಿಗಳು ದೊರೆತುವೆಂದರೆ ಒಂದೇ ಪದ್ಯವು ನಾಲ್ಕು ಬಗೆಯಾಗಿ ನಮ್ಮ ಮುಂದೆ ನಿಲ್ಲುತ್ತದೆ. ಅದರಲ್ಲಿ ಕವಿಯ ನುಡಿ ಯಾವುದು, ಲಿಪಿಕಾರನ ಕೈತಪ್ಪು ಯಾವುದು ಎಂದು ಬಗೆಹರಿಸುವುದೇ ಗ್ರಂಥಸಂಪಾದಕನ ಕೆಲಸ. ‘ವಡ್ಡಾರಾಧನೆ’ಯನ್ನು ಸಂಪಾದಿಸಿಕೊಟ್ಟ ಡಿ. ಎಲ್. ನರಸಿಂಹಾಚಾರ್ಯರು ಈ ಶಾಸ್ತ್ರವನ್ನು ನಮಗೆ ಕನ್ನಡದಲ್ಲಿಯೇ ಬೋಧಿಸಿದರು. ಆದರೆ ಈ ಶಾಸ್ತ್ರಕ್ಕೆ ಓಲೆಗರಿಯ ಆಚೆಗೂ ಒಂದು ರಾಜ್ಯವುಂಟೆಂಬುದು ನನಗೆ ತಿಳಿದುದು ತರಗತಿಯಲ್ಲಲ್ಲ, ಧಾರವಾಡದ ಕೆಲವು ಸಂಗೀತರಸಿಕರ ಸಹವಾಸದಲ್ಲಿ.

ತಿಂಗಳಿಗೊಮ್ಮೆ, ರವಿವಾರ ಸಂಜೆ, ನಾವು ಆರೇಳು ಮಂದಿ ಒಬ್ಬರ ಮನೆಯಲ್ಲಿ ಕೂಡುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು, ಒಬ್ಬ ವೈದ್ಯರು, ಗಣಿತದ ಮಾಸ್ತರರು, ತಬಲಾ ನುಡಿಸುವ ತರುಣ, ಹೀಗೆ ಕೂಟ. ನಿಯಮ ಸರಳವಾದುದು. ಮೊದಲೇ ಒಂದು ರಾಗವನ್ನು ಗೊತ್ತುಮಾಡಿರುತ್ತೇವೆ. ಪ್ರತಿಯೊಬ್ಬರೂ ಆ ರಾಗದ ಒಂದು ಧ್ವನಿಮುದ್ರಣವನ್ನು ತರಬೇಕು. ಹಾಡಿದವರ ಹೆಸರನ್ನು ಮಾತ್ರ ಕೊನೆಯವರೆಗೆ ಹೇಳಬಾರದು. ಹಿಂದೆ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ಹೊತ್ತು ತರುತ್ತಿದ್ದರು. ಈಗ ನೂರಾರು ಕಛೇರಿಗಳು ಅಂಗಿಯ ಜೇಬಿನ ಫೋನಿನಲ್ಲಿಯೇ ಬರುತ್ತವೆ. ಆದರೂ ಆ ಹಿರಿಯರು ತಮ್ಮ ಕೀಲಿ ಕೊಡುವ ಗ್ರಾಮಫೋನನ್ನೂ ಅರಗಿನ ತಟ್ಟೆಗಳನ್ನೂ ಬಿಟ್ಟಿಲ್ಲ. ಮೊದಲ ಮರ್ಯಾದೆ ಇಂದಿಗೂ ಅವಕ್ಕೆ.

ಆ ತಟ್ಟೆಗಳ ಕಥೆಯೇ ಒಂದು ಪುರಾಣ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗನೆಂಬ ಯಂತ್ರಜ್ಞನು ಗೌಹರ್ ಜಾನಳ ಕಂಠವನ್ನು ಮುದ್ರಿಸಿಕೊಂಡನು. ಗಂಟೆಗಟ್ಟಲೆ ಹರಿಯುತ್ತಿದ್ದ ಗಾಯನವನ್ನು ಆಕೆ ಸುಮಾರು ಮೂರು ನಿಮಿಷದ ಬೊಗಸೆಯಲ್ಲಿ ಹಿಡಿದುಕೊಟ್ಟಳು; ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಲ್ಲವೆ? ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದಳು.

ಇನ್ನು ಲಿಪಿಕಾರನ ತಪ್ಪಿನ ವಿಚಾರ. ಹಳೆಯ ತಟ್ಟೆಗಳನ್ನು ‘ನಿಮಿಷಕ್ಕೆ 78 ಸುತ್ತು’ ಎಂದು ಕರೆಯುವುದು ವಾಡಿಕೆ. ಆದರೆ ಆರಂಭದ ದಿನಗಳಲ್ಲಿ ಆ ವೇಗ ಇನ್ನೂ ಸ್ಥಿರವಾಗಿರಲಿಲ್ಲ. ಒಂದು ತಟ್ಟೆ ಕೊಂಚ ನಿಧಾನವಾಗಿ, ಇನ್ನೊಂದು ಕೊಂಚ ಜೋರಾಗಿ ಮುದ್ರಿತವಾಗುತ್ತಿತ್ತು. 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿಯು ಹಾರ್ಮೋನಿಯಮ್ಮಿನ ಒಂದು ಮನೆಗೆ ತುಸು ಕಡಿಮೆಯಷ್ಟು ಮೇಲೇರುತ್ತದೆ. ಮೂರು ನಿಮಿಷದ ಹಾಡು ಒಂಬತ್ತು ಸೆಕೆಂಡು ಮೊದಲೇ ಮುಗಿಯುತ್ತದೆ. ವಿಲಂಬಿತ ಚುರುಕಾಗುತ್ತದೆ, ಚುರುಕಾದುದು ಓಟ ಕೀಳುತ್ತದೆ. ಅಂತಹ ಪ್ರತಿಯಿಂದ ಪ್ರತಿ ಮಾಡಿ, ಅದರಿಂದ ಮತ್ತೊಂದು ಪ್ರತಿ ಮಾಡಿ ಹಂಚಿದರೆ, ಮೊದಲ ಲಿಪಿಕಾರನ ತಪ್ಪನ್ನು ನೂರು ಲಿಪಿಕಾರರು ಭಕ್ತಿಯಿಂದ ನಕಲು ಮಾಡಿದಂತಾಗುತ್ತದೆ.

ಒಮ್ಮೆ ಖಾನ್ ಸಾಹೇಬ್ ಅಬ್ದುಲ್ ಕರೀಂ ಖಾನರ ತೀರ ಹಳೆಯ ಮುದ್ರಣವೊಂದರ ಎರಡು ಪ್ರತಿಗಳು ನಮ್ಮ ಕೂಟಕ್ಕೆ ಬಂದುವು. ಎರಡರ ಷಡ್ಜವೂ ಬೇರೆ! ವೈದ್ಯರು ಹೆಚ್ಚಿನ ಶ್ರುತಿಯದೇ ನಿಜವೆಂದರು. ಖಾನ್ ಸಾಹೇಬರದು ಸಹಜವಾಗಿಯೇ ಎತ್ತರದ, ನವಿರಾದ ಕಂಠವಷ್ಟೆ. ಗಣಿತದ ಮಾಸ್ತರರು ಒಪ್ಪಲಿಲ್ಲ. “ಹಂಗಲ್ರೀ ಡಾಕ್ಟರ, ಕಂಠ ಎತ್ತರ ಇದ್ದೀತು, ಖರೆ. ಆದ್ರ ತಬಲಾದ ಪೆಟ್ಟು ಯಾಕ ತಗಡು ಬಡದಂಗ ಕೇಳಸ್ತದ?” ಎಂದು ಕೇಳಿದರು. ಅದು ಗ್ರಂಥಸಂಪಾದಕನ ಪ್ರಶ್ನೆಯೇ ಸರಿ. ಇಂತಹ ಒಳಸಾಕ್ಷ್ಯಗಳು ಹಲವಿವೆ: ಪಕ್ಕವಾದ್ಯದ ನಾದ, ಒಂದೇ ದಿನ ಮುದ್ರಿಸಿದ ಇತರ ತಟ್ಟೆಗಳ ಶ್ರುತಿ, ಕೊನೆಯಲ್ಲಿ ಹೆಸರು ಹೇಳಿದ್ದರೆ ಆ ಮಾತಿನ ಧ್ವನಿ. ಹಾಡಿನ ಶ್ರುತಿ ನಮ್ಮನ್ನು ವಂಚಿಸಬಹುದು. ದೊಡ್ಡವರೊಬ್ಬರು ಮಕ್ಕಳಂತೆ ಮಾತಾಡಿದರೆ ಮಾತ್ರ ಕಿವಿ ಒಡನೆಯೇ ಎಚ್ಚರಗೊಳ್ಳುತ್ತದೆ.

ಲಿಪಿಕಾರನ ತಪ್ಪನ್ನು ಕಳೆದ ಮೇಲೆಯೂ ವ್ಯತ್ಯಾಸ ಉಳಿಯುತ್ತದೆ. ನಿಜವಾದ ರಸಪ್ರಯಾಣ ಆರಂಭವಾಗುವುದು ಅಲ್ಲಿಂದಲೇ. ಖಾನ್ ಸಾಹೇಬರು ತಟ್ಟೆಗೆ ಹಾಡಿದ ಭೈರವಿಯ ಠುಮ್ರಿಯೊಂದು ಲೋಕಪ್ರಸಿದ್ಧ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಭೀಮಸೇನ ಜೋಶಿಯವರು. ಅಜ್ಜಗುರುವಿನ ಆ ಠುಮ್ರಿಯನ್ನು ಭೀಮಸೇನರೂ ಹಾಡಿದರು. ಎರಡನ್ನೂ ಒಂದರ ಹಿಂದೊಂದು ಕೇಳಬೇಕು. ಮೊದಲನೆಯದು ಹೊಳೆಯ ದಡದಲ್ಲಿ ಒಂಟಿಯಾಗಿ ಕುಳಿತವನ ನಿಟ್ಟುಸಿರು. ಎರಡನೆಯದರಲ್ಲಿ ಹೊಳೆಯೇ ತುಂಬಿ ಬಂದಿದೆ. ಸ್ವರಗಳು ಅವೇ, ಸಾಹಿತ್ಯವೂ ಅದೇ. ಇವುಗಳಲ್ಲಿ ಮೂಲ ಯಾವುದು, ಪ್ರಕ್ಷಿಪ್ತ ಯಾವುದು? ಈ ಪ್ರಶ್ನೆಯೇ ಇಲ್ಲಿ ಅಸಂಗತವಾಗುತ್ತದೆ.

ಒಬ್ಬ ಕಲಾವಿದರಲ್ಲಿಯೇ ಎರಡು ಪಾಠಗಳಿರುವುದೂ ಉಂಟು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಗಾಂಧಾರಿಯೆಂಬ ಹೆಸರಿನಲ್ಲಿ ಹಾಡಿಕೊಟ್ಟ ತಟ್ಟೆಗಳನ್ನು ಕೇಳಿಸಿದಾಗ ನಮ್ಮ ತಬಲಜಿ ತರುಣನಿಗೆ ಹಾಡಿದವರಾರೆಂದು ಹೊಳೆಯಲೇ ಇಲ್ಲ. ಅದು ತೆಳುವಾದ, ಇಂಪಾದ, ಎಳೆಯ ಸ್ತ್ರೀಕಂಠ. ಗಂಟಲಿನ ತೊಂದರೆ ಹಾಗೂ ಚಿಕಿತ್ಸೆಯ ತರುವಾಯ ಆ ಕಂಠವು ಗಡುಸಾಗಿ, ಗಂಭೀರವಾಗಿ, ಗಂಡುದನಿಯೆಂಬಂತೆ ಆಯಿತು. ಹೆಸರನ್ನು ಹೇಳಿದಾಗ ಕೂಟವು ಅರೆನಿಮಿಷ ಸುಮ್ಮನಾಯಿತು. ಕಳೆದುಹೋದ ಕಂಠಕ್ಕಾಗಿ ಅಳುತ್ತ ಕೂಡದೆ, ದೊರೆತ ಕಂಠದಲ್ಲಿ ಇನ್ನೊಂದು ಸಂಗೀತವನ್ನು ಕಟ್ಟಿದ ಆ ತಾಯಿಯ ಧೀರತನವನ್ನು ಎರಡು ಮುದ್ರಣಗಳು ಅಕ್ಕಪಕ್ಕದಲ್ಲಿ ನಿಂತು ಸಾರಿದಷ್ಟು ಸ್ಪಷ್ಟವಾಗಿ ಯಾವ ಚರಿತ್ರೆಯೂ ಸಾರಲಾರದು.

ಇಷ್ಟಾದರೂ ಹೋಲಿಕೆಯೆಂಬುದು ಎರಡಲಗಿನ ಕತ್ತಿ. ನಮ್ಮ ಊರಿನ ಚಿಕ್ಕ ಬೈಠಕ್ಕೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಾಡಿದಳು. ಎಂಟು ವರ್ಷ ಗುರುಮುಖದಿಂದ ಕಲಿತವಳು. ಹಾಡು ಮುಗಿದೊಡನೆ ಶ್ರೋತೃವೊಬ್ಬರು ಅವಳ ಬಳಿಗೆ ಹೋಗಿ, “ಛಲೋ ಹಾಡಿದಿ, ತಂಗಿ. ಆದ್ರ ಮಲ್ಲಿಕಾರ್ಜುನ ಅಣ್ಣಾವರ ರೆಕಾರ್ಡಿನ್ಯಾಗ ಈ ಜಾಗಾ ಹಿಂಗ ಇಲ್ಲ” ಎಂದರು. ಹುಡುಗಿಯ ಮುಖ ಬಾಡಿತು. ಮುಂದಿನ ರವಿವಾರ ನಮ್ಮ ಕೂಟದಲ್ಲಿ ರಾಗ ಹಿಂದೆ ಸರಿದು ಇದೇ ಚರ್ಚೆಯಾಯಿತು. ಮನ್ನಣೆಯ ಮಾದರಿ ಬೇಡವೆ ಎಂದು ಒಬ್ಬರು ಕೇಳಿದರೆ, ಮಾದರಿಯು ಸಂಕೋಲೆಯಾಗಬೇಕೆ ಎಂದು ಇನ್ನೊಬ್ಬರು ಕೇಳಿದರು. ಕೊನೆಗೆ ಹಿರಿಯರು ಎದ್ದು ಮಲ್ಲಿಕಾರ್ಜುನ ಮನಸೂರರ 1930ರ ದಶಕದ ತಟ್ಟೆಯೊಂದನ್ನು ಹಾಕಿದರು. ಅದರ ಬೆನ್ನಿಗೇ ಅವರ ಇಳಿವಯಸ್ಸಿನ ಕಛೇರಿಯೊಂದನ್ನು ಕೇಳಿಸಿದರು. “ಇವೆರಡರಾಗ ಅಣ್ಣಾವರು ಯಾರು, ಹೇಳ್ರಿ ನೋಡೋಣ?” ಎಂದು ಅವರು ಕೇಳಿದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮನಸೂರರೇ ತಮ್ಮ ರೆಕಾರ್ಡಿನಂತೆ ಉಳಿಯಲಿಲ್ಲವೆಂದ ಮೇಲೆ, ಆ ಹುಡುಗಿ ಹಾಗೆ ಉಳಿಯಬೇಕೆಂದು ಕೇಳುವ ಅಧಿಕಾರ ನಮಗೆಲ್ಲಿಯದು?

ಕುಮಾರ ಗಂಧರ್ವರ ಜೀವನವೇ ಇದಕ್ಕೆ ಭಾಷ್ಯ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನು ಬಾಲ್ಯದಲ್ಲಿ ಹೆಸರಾದುದು ದೊಡ್ಡ ಗವಾಯಿಗಳ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದುದರಿಂದ. ಜನ ಬೆರಗಾದರು. ಆದರೆ ಅವರನ್ನು ನಾವಿಂದು ನೆನೆಯುವುದು ಆ ನಕಲಿಗಾಗಿಯಲ್ಲ. ಕ್ಷಯರೋಗದಿಂದ ವರ್ಷಗಟ್ಟಲೆ ದೇವಾಸದಲ್ಲಿ ಮಲಗಿ, ಒಂದು ಶ್ವಾಸಕೋಶದ ಬಲವನ್ನು ಕಳೆದುಕೊಂಡು ಎದ್ದ ಮೇಲೆ, ಉಳಿದ ಉಸಿರಿಗೆ ತಕ್ಕಂತೆ ತಾವೇ ಕಂಡುಕೊಂಡ ಗಾಯನಕ್ಕಾಗಿ. ತಟ್ಟೆಯು ಅವರಿಗೆ ಅಕ್ಷರಾಭ್ಯಾಸ ಮಾಡಿಸಿತು. ಕಾವ್ಯವನ್ನು ಅವರೇ ಬರೆದುಕೊಂಡರು.

ಓಲೆಯ ಪ್ರತಿಗಳನ್ನು ಹೋಲಿಸುವಾಗ ನಮ್ಮ ಗುರಿ ಹಲವನ್ನು ಕಳೆದು ಒಂದನ್ನು ಉಳಿಸಿಕೊಳ್ಳುವುದು. ಧ್ವನಿಮುದ್ರಣಗಳನ್ನು ಹೋಲಿಸುವಾಗಲಾದರೋ ಯಂತ್ರದ ತಪ್ಪನ್ನಷ್ಟೇ ಕಳೆಯಬೇಕು, ಹಾಡಿದವರ ಹಲತನವನ್ನು ಉಳಿಸಿಕೊಳ್ಳಬೇಕು. ಕರ್ನಾಟಕ ಸಂಗೀತದವರು ಒಂದೇ ಕೃತಿಯು ಬೇರೆಬೇರೆ ಶಿಷ್ಯಪರಂಪರೆಗಳಲ್ಲಿ ಪಡೆದ ರೂಪಗಳನ್ನು ‘ಪಾಠಾಂತರ’ವೆಂದೇ ಗೌರವದಿಂದ ಕರೆಯುತ್ತಾರೆ. ಅಲ್ಲಿ ಅದು ದೋಷದ ಹೆಸರಲ್ಲ, ಮನೆತನದ ಹೆಸರು.

ಕಡೆಗೆ ಒಂದು ವಿಜ್ಞಾಪನೆ. ಧಾರವಾಡದ ಆಕಾಶವಾಣಿಯು 1950ರಲ್ಲಿ ಆರಂಭವಾದಂದಿನಿಂದ ಎಷ್ಟೋ ಮನೆಗಳಲ್ಲಿ ರೇಡಿಯೋದ ಮುಂದೆ ಕುಳಿತು ಕೇಳಿದವರಿದ್ದಾರೆ. ಮುಂದೆ ಟೇಪು ಬಂದಾಗ ಮುದ್ರಿಸಿಟ್ಟುಕೊಂಡವರೂ ಇದ್ದಾರೆ. ಆ ಟೇಪುಗಳು ಇಂದು ಟ್ರಂಕಿನಲ್ಲಿ, ಅಟ್ಟದ ಮೇಲೆ ಬೂಸಲು ಹಿಡಿಯುತ್ತಿವೆ. ಯಾರಿಗೂ ಕೊಡದೆ ಬೀಗ ಹಾಕಿಟ್ಟುಕೊಳ್ಳುವುದೇ ರಸಿಕತೆಯೆಂದು ತಿಳಿದವರುಂಟು. ಗೆದ್ದಲು ತಿಂದ ಓಲೆಗಳೊಡನೆ ನಮ್ಮ ಎಷ್ಟು ಕಾವ್ಯಗಳು ಮಣ್ಣಾದುವೆಂಬುದನ್ನು ಬಲ್ಲ ನಾವು ಈ ತಪ್ಪನ್ನು ಮತ್ತೆ ಮಾಡಬಾರದು. ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು ಪ್ರತಿ ಮಾಡಿಸಿರಿ. ಪ್ರತಿಯ ಮೇಲೆ ಹಾಡಿದವರ ಹೆಸರು, ಊರು, ದಿನ, ಪಕ್ಕವಾದ್ಯದವರ ಹೆಸರು, ಯಾವ ಮೂಲದಿಂದ ಬಂದುದೆಂಬ ಒಂದು ಸಾಲು, ಇಷ್ಟನ್ನು ತಪ್ಪದೆ ಬರೆಯಿರಿ. ಓಲೆಯ ಕೊನೆಯಲ್ಲಿ ತನ್ನ ಹೆಸರನ್ನೂ ಬರೆದ ದಿನವನ್ನೂ ನಮೂದಿಸಿದ ಬಡ ಲಿಪಿಕಾರನಿಗೆ ನಾವು ಇಂದು ಎಷ್ಟು ಋಣಿಗಳೋ, ಮುಂದಿನವರು ನಿಮಗೆ ಅಷ್ಟೇ ಋಣಿಗಳಾದಾರು.