ಹೊಳೆಯ ದಂಡೆಯ ನಿಧಿ

ನಿಧಿಯೆಂದರೆ ನೆಲದಲ್ಲಿ ಹೂತ ಹೊನ್ನಿನ ಕೊಪ್ಪರಿಗೆ, ಅದನ್ನು ಕಾಯಲು ಒಂದು ಸರ್ಪ. ಹೀಗೆಂದು ನಮ್ಮ ಅಜ್ಜಿಯರ ಕಥೆಗಳು ಹೇಳುವುವು. ಹೊನ್ನೂ ಸರ್ಪವೂ ಇಲ್ಲದ, ಸಿಕ್ಕ ಮೇಲೆ ಇದ್ದಲ್ಲಿಯೇ ಬಿಟ್ಟು ಬರತಕ್ಕ ನಿಧಿಯೊಂದುಂಟು. ಅದನ್ನು ಅರಸುವ ವಿನೋದವನ್ನು ಗೃಹಸ್ಥರಾದ ವಾಚಕರಿಗೆ ಅರಿಕೆ ಮಾಡಬಯಸುತ್ತೇನೆ.

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಡಾರ್ಟ್‌ಮೂರ್ ಎಂಬ ಜೌಗು ನೆಲದ ಎತ್ತರ ಪ್ರದೇಶವಿದೆ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರುಗನು ಅಲ್ಲಿಯ ಕ್ರಾನ್‌ಮಿಯರ್ ಕೊಳದ ಬಳಿ ಒಂದು ಸೀಸೆಯನ್ನಿರಿಸಿದನು. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹಿಂದಿರುಗುತ್ತಿದ್ದರು. ಇದೇ ಬೆಳೆದು, ಬಂಡೆಗಳ ಸಂದುಗಳಲ್ಲಿ ಪೆಟ್ಟಿಗೆಗಳನ್ನು ಬಚ್ಚಿಡುವ ಆಟವಾಯಿತು. ಪೆಟ್ಟಿಗೆಯೊಳಗೆ ಒಂದು ಪುಸ್ತಕ, ಒಂದು ಮುದ್ರೆ. ಕಂಡುಹಿಡಿದವನು ಆ ಮುದ್ರೆಯನ್ನು ತನ್ನ ಪುಸ್ತಕದಲ್ಲಿ ಒತ್ತಿಕೊಂಡು, ತನ್ನ ಗುರುತನ್ನು ಅಲ್ಲಿ ಬಿಟ್ಟು, ಎಲ್ಲವನ್ನೂ ಮೊದಲಿನಂತೆ ಮುಚ್ಚಿಡುವನು.

ಈ ಆಟಕ್ಕೆ ನಮ್ಮ ಕಾವೇರಿ ಹೇಮಾವತಿಗಳ ಮರಗಳುಳ್ಳ ದಂಡೆಗಳು ಬಹಳ ಯೋಗ್ಯವಾದುವು. ಮನೆಯ ಹಿರಿಯರೊಬ್ಬರು ಮೊದಲೇ ಹೋಗಿ, ಕಾಲುದಾರಿಯುದ್ದಕ್ಕೂ ಒಗಟಿನ ಚೀಟಿಗಳನ್ನು ಇಡತಕ್ಕದ್ದು. ಒಂದರ ಉತ್ತರವಾದ ಮರದ ಬುಡದಲ್ಲಿ ಮುಂದಿನ ಚೀಟಿ ದೊರೆಯಬೇಕು.

“ಹೆಸರು ಪಾರ್ಥನದು, ಬಿಲ್ಲಿಲ್ಲ, ಕಾಯಿಗೆ ಐದು ರೆಕ್ಕೆ, ಹಾರಾಟವಿಲ್ಲ.” ಇದು ಹೊಳೆಮತ್ತಿ. ಸಂಸ್ಕೃತದಲ್ಲಿ ಇದಕ್ಕೆ ಅರ್ಜುನವೆಂದು ಹೆಸರು; ಆ ಶಬ್ದಕ್ಕೆ ಬಿಳುಪೆಂದು ಅರ್ಥ. ನುಣುಪಾದ ಬೂದುಬಿಳುಪಿನ ತೊಗಟೆಯನ್ನು ಮುಟ್ಟಿ ನೋಡಿದ ಮಗುವಿಗೆ ಆ ಅರ್ಥವು ಮರೆಯದು.

“ಹಣ್ಣನ್ನು ಕಾಂಡದ ಮೇಲೆಲ್ಲ ಹರಡಿ, ಹೂವನ್ನು ಯಾರಿಗೂ ತೋರದವಳು ಯಾರು?” ಇದು ಅತ್ತಿ. ಇದರ ಹೂಗಳು ಹಣ್ಣಿನಂತೆ ಕಾಣುವ ಬುರುಡೆಯೊಳಗೇ ಇರುವುವು. ಅತಿಸಣ್ಣ ಕಣಜಗಳು ಒಳಹೊಕ್ಕು ಪರಾಗವನ್ನು ತಲಪಿಸುವುವು. ಅಮರಕೋಶವು ಇದನ್ನು ಜಂತುಫಲವೆಂದು ಕರೆದಿರುವುದು ಸುಮ್ಮನೆ ಅಲ್ಲ.

“ತಳಹದಿಯಿಲ್ಲದ ಮನೆ, ಬಾಗಿಲು ಕೆಳಗೆ, ಗಂಡು ಕಟ್ಟುವನು, ಹೆಣ್ಣು ಪರೀಕ್ಷಿಸುವಳು.” ಇದು ನೀರಿನ ಮೇಲೆ ತೂಗುವ ಗೀಜಗನ ಗೂಡು. ಇದನ್ನು ಕಣ್ಣಿನಿಂದ ಮಾತ್ರ ಮುಟ್ಟಬೇಕು. ಇದರ ಚೀಟಿಯನ್ನು ದೂರದ ಬಂಡೆಯ ಬಳಿ ಇಡುವುದೇ ಲೇಸು.

ಇದು ಬರಿಯ ಮಕ್ಕಳಾಟವೆಂದು ಕೆಲವರು ನಗಬಹುದು. ನನ್ನ ಶಾಲೆಯ ಮಕ್ಕಳು ಅಮರದ ವನೌಷಧಿವರ್ಗವನ್ನು ತಡೆಯಿಲ್ಲದೆ ಒಪ್ಪಿಸುತ್ತಿದ್ದರು. ಅವರನ್ನೇ ಹೊಳೆಯ ದಂಡೆಗೆ ಕರೆದೊಯ್ದು ಮರದ ಮುಂದೆ ನಿಲ್ಲಿಸಿದರೆ ಬಾಯಿ ಕಟ್ಟುತ್ತಿತ್ತು. ಹೆಸರು ಒಂದು ಕಡೆ, ಮರ ಒಂದು ಕಡೆ. ದಂಡೆಯ ಮಣ್ಣನ್ನು ಹಿಡಿದು ನಿಲ್ಲಿಸಿರುವುದು ಈ ಮರಗಳ ಬೇರು. ಇವು ಹೋದಲ್ಲಿ ಪ್ರವಾಹವು ದಂಡೆಯನ್ನು ಕೊರೆದು ಹೊಲಕ್ಕೆ ಕೈಯಿಕ್ಕುವುದು. ಆದರೂ ಹೆಸರರಿಯದ ಮರಕ್ಕೆ ಕೊಡಲಿ ಬಿದ್ದರೆ ಬೇಡವೆನ್ನುವವರು ಯಾರು?

ಕೆಲವು ನಿಯಮಗಳುಂಟು. ಮಳೆಗಾಲದಲ್ಲಿ ಈ ಆಟ ಸಲ್ಲದು; ಮಾಘ ಫಾಲ್ಗುಣಗಳ ಮುಂಜಾನೆಯೇ ಉತ್ತಮ. ಅಣೆಕಟ್ಟಿನ ಕೆಳಗಣ ಹೊಳೆಯಲ್ಲಿ ಬಿಸಿಲಿರುವಾಗಲೂ ನೀರು ತಟಕ್ಕನೆ ಏರಬಹುದು; ಆದುದರಿಂದ ಯಾವ ಚೀಟಿಯನ್ನೂ ನೀರಿನಂಚಿನಲ್ಲಿ ಇಡಕೂಡದು. ಮಕ್ಕಳ ಮುಂದೊಬ್ಬರು, ಹಿಂದೊಬ್ಬರು ಹಿರಿಯರಿರಬೇಕು. ಕೊಂಬೆಯನ್ನು ಮುರಿಯಬಾರದು, ಪೊಟರೆಯಲ್ಲಿ ಕೈಯಿಡಬಾರದು, ಒಗಟಿನ ಚೀಟಿಗಳನ್ನು ಹಿಂದೆ ತರಬೇಕು.

ಕೊನೆಯ ಮರದ ಬುಡದಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಒಂದು ಪುಸ್ತಕ, ಒಂದು ಸೀಸದ ಕಡ್ಡಿ. ಪ್ರತಿಯೊಂದು ಮಗುವೂ ತನ್ನ ಹೆಸರನ್ನೂ, ಆ ದಿನ ಹೊಸದಾಗಿ ಗುರುತಿಸಿದ ಒಂದು ಮರದ ಹೆಸರನ್ನೂ ಬರೆಯಲಿ. ಬಳಿಕ ಡಬ್ಬಿಯನ್ನು ಮುಚ್ಚಿ ಅಲ್ಲಿಯೇ ಇಟ್ಟು, ಮನೆಯಿಂದ ತಂದ ಮೊಸರನ್ನದ ಬುತ್ತಿಯನ್ನು ಆ ನೆರಳಿನಲ್ಲಿಯೇ ಬಿಚ್ಚಬಹುದು. ಮರುವರ್ಷ ಹೋದಾಗ ಡಬ್ಬಿಯಿದೆಯೇ ಎಂದು ಮಕ್ಕಳು ಮೊದಲು ನೋಡುವರು. ಜತೆಗೆ ಮರವಿದೆಯೇ ಎಂದೂ ನೋಡುವರು.