ಅಡ್ಡಹೆಸರಿನ ಬೇರು ಹುಡುಕುವ ದಾರಿ: ಸೇನೆ, ಪಿಂಚಣಿ ಮತ್ತು ಮದುವೆಯ ದಾಖಲೆಗಳು



ಕುವೈತಿನ ಖೈತಾನ್‌ನಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಹೆಸರಿನ ತೊಡಕು ಹೊಸದೇನಲ್ಲ. ಊರಲ್ಲಿದ್ದಾಗ ಹೆಸರಿಗೆ ಎರಡು ಇನಿಶಿಯಲ್ ಇದ್ದರೆ ಸಾಕಿತ್ತು. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ 'ಸರ್‌ನೇಮ್' ಎಂಬ ಖಾಲಿ ಜಾಗ ಎದುರಾಯಿತು. ನಮ್ಮಲ್ಲಿ ಕೆಲವರು ಅಲ್ಲಿ ತಂದೆಯ ಹೆಸರು ಬರೆದೆವು, ಕೆಲವರು ಊರಿನ ಹೆಸರು, ಇನ್ನು ಕೆಲವರು ಮನೆತನದ ಹೆಸರು. ಇಲ್ಲಿಗೆ ಬಂದ ಮೇಲೆ ಸಿವಿಲ್ ಐ.ಡಿ.ಯಲ್ಲಿ ಅದೇ ಹೆಸರು ಅರಬ್ಬಿ ಲಿಪಿಗೆ ಇಳಿಯಿತು. ಅರಬ್ಬಿಯಲ್ಲಿ 'ಪ' ಅಕ್ಷರವೇ ಇಲ್ಲ. ಹಾಗಾಗಿ ಪಾಟೀಲರು 'ಬಾತೀಲ್' ಆದರು. ಗೌಡರ 'ಗ'ಕಾರಕ್ಕೆ ಒಬ್ಬ ಗುಮಾಸ್ತ ಒಂದು ಅಕ್ಷರ ಹಾಕಿದರೆ ಇನ್ನೊಬ್ಬ ಬೇರೊಂದು ಹಾಕುತ್ತಾನೆ.

ಇಲ್ಲೇ ಹುಟ್ಟಿ ಬೆಳೆಯುವ ಮಕ್ಕಳು ಈಗ ಕೇಳುತ್ತಿದ್ದಾರೆ: "ನಮ್ಮ ಅಡ್ಡಹೆಸರು ಎಲ್ಲಿಂದ ಬಂತು? ಮುತ್ತಜ್ಜ ಮಿಲಿಟರಿಯಲ್ಲಿದ್ದರಂತೆ, ಹೌದಾ?" ಉತ್ತರ ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. 1990ರ ಆಗಸ್ಟ್‌ನಲ್ಲಿ ಇರಾಕ್ ದಾಳಿ ಮಾಡಿದಾಗ ಉಟ್ಟ ಬಟ್ಟೆಯಲ್ಲಿ ಅಮ್ಮಾನ್ ದಾರಿ ಹಿಡಿದವರಿಗೆ ಕಾಗದಪತ್ರ ಕಳೆದುಕೊಳ್ಳುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಸೇನೆ, ಪಿಂಚಣಿ ಮತ್ತು ಮದುವೆಯ ದಾಖಲೆಗಳಲ್ಲಿ ಮನೆತನವನ್ನು ಹುಡುಕುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ. ಮೊದಲಿಗೇ ಒಂದು ಮಾತು: ಅಡ್ಡಹೆಸರನ್ನು ಹುಡುಕುವವರು ಅಡ್ಡಹೆಸರನ್ನೇ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ನಂಬರು, ತಂದೆಯ ಹೆಸರು, ಊರು, ಹೆಂಡತಿಯ ತವರು, ಈ ನಾಲ್ಕನ್ನು ಹಿಡಿದು ಹೊರಡಬೇಕು.

ಮೊದಲು ಊರು ಯಾರ ಆಡಳಿತದಲ್ಲಿತ್ತು?

1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ದಾಖಲೆಗಳೂ ಹಾಗೆಯೇ ಹಂಚಿಹೋಗಿವೆ. ದಕ್ಷಿಣ ಕನ್ನಡ, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಕಾಸರಗೋಡು ಕೂಡ ಆಗ ದಕ್ಷಿಣ ಕನ್ನಡಕ್ಕೇ ಸೇರಿತ್ತು. ಬೆಳಗಾವಿ, ಧಾರವಾಡ, ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದರು. ಬೀದರ್, ಗುಲ್ಬರ್ಗಾ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಕೊಡಗಿಗೆ ಪ್ರತ್ಯೇಕ ಆಡಳಿತ. ಉಳಿದದ್ದು ಮೈಸೂರು ಮಹಾರಾಜರ ಸಂಸ್ಥಾನ, ಜೊತೆಗೆ ಕೆಲವು ಸಣ್ಣಪುಟ್ಟ ಸಂಸ್ಥಾನಗಳು.

ಹಾಗಾಗಿ ಮಂಗಳೂರು ಕಡೆಯವರ ಹಳೆಯ ಸರ್ಕಾರಿ ಕಾಗದಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ನೋಡಬೇಕು, ಧಾರವಾಡದವರ ಕಾಗದಗಳಿಗೆ ಮುಂಬಯಿಯ ಪತ್ರಾಗಾರವನ್ನು. ಮೈಸೂರು ಸಂಸ್ಥಾನದ ಕಡತಗಳು ಬೆಂಗಳೂರಿನ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಲಿಪಿಯೂ ಬದಲಾಗುತ್ತದೆ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳು ಮೋಡಿ ಲಿಪಿಯಲ್ಲಿ, ಹೈದರಾಬಾದಿನವು ಫಾರಸಿ ಮತ್ತು ಉರ್ದುವಿನಲ್ಲಿ ಇರಬಹುದು. ಒಂದೇ ಮನೆತನದ ಹೆಸರು ಮೂರು ಲಿಪಿಗಳಲ್ಲಿ ಮೂರು ಬಗೆಯಾಗಿ ಕಂಡರೆ ಗಾಬರಿಯಾಗಬೇಡಿ.

ಸೇನೆಯ ದಾಖಲೆ ಏನು ಹೇಳುತ್ತದೆ?

ಸಿಪಾಯಿಯಾಗಿ ಸೇರಿದವನ ಬಗ್ಗೆ ಪಲ್ಟಣದ ಗುಮಾಸ್ತ ಬರೆದುಕೊಳ್ಳುತ್ತಿದ್ದುದು ನಂಬರು, ಹೆಸರು, ತಂದೆಯ ಹೆಸರು, ಹಳ್ಳಿ, ತಾಲ್ಲೂಕು ಮತ್ತು ಜಿಲ್ಲೆ. ಅಡ್ಡಹೆಸರಿಗೆ ಅಲ್ಲಿ ಅಂಥ ಮಹತ್ವವಿರಲಿಲ್ಲ.

ಇದಕ್ಕೆ ನಮಗೆ ಹತ್ತಿರದ ಉದಾಹರಣೆ ಇಲ್ಲಿಂದ ಉತ್ತರಕ್ಕೆ, ಗಡಿಯಾಚೆ ಇದೆ. ಮೊದಲನೆಯ ಮಹಾಯುದ್ಧದಲ್ಲಿ ಈ ಮೆಸೊಪೊಟೇಮಿಯ ರಣರಂಗಕ್ಕೆ ಭಾರತದಿಂದ ಲಕ್ಷಗಟ್ಟಲೆ ಜನ ಬಂದರು. 1916ರ ಏಪ್ರಿಲ್ 29ರಂದು ಕೂಟ್ ಪಟ್ಟಣದಲ್ಲಿ ತುರ್ಕರಿಗೆ ಶರಣಾದ ಸೈನ್ಯದಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳೂ ಇದ್ದವು. ಸಮಾಧಿ ಎಲ್ಲಿದೆಯೆಂದು ತಿಳಿಯದ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗಾಗಿ ಬಸ್ರಾದಲ್ಲಿ ಸ್ಮಾರಕ ಕಟ್ಟಿದರು. ಸದ್ದಾಂ ಹುಸೇನ್ ಕಾಲದಲ್ಲಿ, 1997ರಲ್ಲಿ, ಅದನ್ನು ನಾಸಿರಿಯಾ ರಸ್ತೆಗೆ ಸ್ಥಳಾಂತರಿಸಲಾಯಿತು. ಆ ಕಲ್ಲಿನ ಮೇಲೆ ಬ್ರಿಟಿಷ್ ಸೈನಿಕರ ಮತ್ತು ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಸಾಮಾನ್ಯ ಭಾರತೀಯ ಸಿಪಾಯಿಗಳದ್ದು ಮಾತ್ರ ಪಲ್ಟಣವಾರು ಲೆಕ್ಕ, ಇಷ್ಟು ಮಂದಿ ಎಂದು. ಈ ತಾರತಮ್ಯವನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ. ಕಲ್ಲಿನ ಮೇಲಿಲ್ಲದ ಆ ಹೆಸರುಗಳನ್ನು ಈಗ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ಎಷ್ಟೋ ನಮೂದುಗಳಲ್ಲಿ 'ಇಂಥ ಊರಿನ ಇಂಥವರ ಮಗ' ಎಂದಿದೆ. ಬರೀ ಅಡ್ಡಹೆಸರು ಕೊಟ್ಟು ಹುಡುಕಿದರೆ ಏನೂ ಸಿಗದು. ಪಲ್ಟಣ, ಜಿಲ್ಲೆ, ತಂದೆಯ ಹೆಸರು ಕೊಟ್ಟು ಹುಡುಕಿದರೆ ಸಿಗುವ ಸಂಭವ ಹೆಚ್ಚು.

ಮೈಸೂರು ಸಂಸ್ಥಾನದ ಸೈನ್ಯದ್ದು ಬೇರೆಯೇ ಕಥೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಬಗ್ಗೆ ನೀವು ಕೇಳಿರುತ್ತೀರಿ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಆ ಸವಾರರ ನೆನಪಿಗೆ ನಿಂತವು. ಆದರೆ ಈ ಸೈನ್ಯಕ್ಕೆ ಸಂಬಳ ಕೊಡುತ್ತಿದ್ದುದು ಮೈಸೂರಿನ ಖಜಾನೆ. ಸಂಸ್ಥಾನದ ಕಾಲದಲ್ಲೇ ನಿವೃತ್ತರಾದವರ ಕಾಗದವನ್ನು ಭಾರತೀಯ ಸೇನೆಯ ಕಚೇರಿಗಳಲ್ಲಿ ಹುಡುಕಿ ಫಲವಿಲ್ಲ, ರಾಜ್ಯ ಪತ್ರಾಗಾರದ ಕಡತಗಳನ್ನೇ ನೋಡಬೇಕು. 1950ರ ದಶಕದ ಆರಂಭದಲ್ಲಿ ಸಂಸ್ಥಾನದ ಸೈನ್ಯಗಳು ಭಾರತೀಯ ಸೇನೆಯಲ್ಲಿ ವಿಲೀನವಾದವು. ಅನಂತರದವರ ದಾಖಲೆ ಅವರವರ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರುತ್ತದೆ. ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಮರಾಠಾ ಲಘು ಪದಾತಿದಳದವರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿನವರಿಗೆ ನೀಲಗಿರಿಯ ವೆಲಿಂಗ್ಟನ್. ಸೇನೆ ಎಲ್ಲ ಕಾಗದಗಳನ್ನೂ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ನಿಗದಿತ ವರ್ಷಗಳಾದ ಮೇಲೆ ಸೇವಾ ಕಡತವನ್ನು ನಾಶಮಾಡುತ್ತಾರೆ. ಹೀಗಾಗಿ ತಡಮಾಡಿದಷ್ಟೂ ನಷ್ಟ.

ಪಿಂಚಣಿ ಪುಸ್ತಕದಲ್ಲಿ ಅಜ್ಜಿಯ ಹೆಸರು

ಸೈನಿಕನ ಮನೆಯವರನ್ನು ಪೊರೆಯುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಕಾಳಗದಲ್ಲಿ ಮಡಿದವನ ಮನೆಗೆ ಕೊಡುತ್ತಿದ್ದ ಭೂಮಿಗೆ ಶಾಸನಗಳಲ್ಲಿ 'ನೆತ್ತರುಗೊಡಗೆ' ಎಂಬ ಹೆಸರಿದೆ. ಅಂಥ ವೀರಗಲ್ಲುಗಳಲ್ಲೂ ಮನುಷ್ಯನನ್ನು ಗುರುತಿಸುವುದು ಅವನ ಊರು, ಒಡೆಯ ಮತ್ತು ಮಾಡಿದ ಕೆಲಸದಿಂದ.

ಈಗಿನ ಕಾಲದ ಪಿಂಚಣಿ ಕಾಗದವನ್ನು ಪಿ.ಪಿ.ಓ. ಎನ್ನುತ್ತಾರೆ. ಸೈನಿಕರ ಪಿಂಚಣಿಯನ್ನು ಮಂಜೂರು ಮಾಡುವ ದೊಡ್ಡ ಕಚೇರಿ ಅಲಹಾಬಾದಿನಲ್ಲಿದೆ, ಈಗಿನ ಪ್ರಯಾಗರಾಜ್. ಈ ಕಾಗದಕ್ಕೆ ವಂಶ ಹುಡುಕುವವರು ಕೊಡಬೇಕಾದ ಬೆಲೆ ದೊಡ್ಡದು. ಜಮೀನಿನ ಪಹಣಿಯಲ್ಲಿ ಅಜ್ಜನ ಹೆಸರಿರುತ್ತದೆ. ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿರುತ್ತದೆ. ಅಜ್ಜಿಯ ಹೆಸರು ಸರ್ಕಾರದ ಕಾಗದದ ಮೇಲೆ ಮೊಟ್ಟಮೊದಲು ಬರುವುದು ಎಷ್ಟೋ ಮನೆಗಳಲ್ಲಿ ಕುಟುಂಬ ಪಿಂಚಣಿಯ ಪುಸ್ತಕದಲ್ಲೇ. ಸೈನಿಕನ ಮದುವೆ, ಮಕ್ಕಳ ಜನನ ಇವನ್ನು ಸೇನೆಯಲ್ಲಿ 'ಪಾರ್ಟ್ ಟು ಆರ್ಡರ್' ಎಂಬ ಆದೇಶದ ಮೂಲಕ ದಾಖಲಿಸುತ್ತಾರೆ. ಸರ್ಕಾರದ ಮದುವೆ ಪ್ರಮಾಣಪತ್ರ ಇಲ್ಲದ ಅಜ್ಜ ಅಜ್ಜಿಯರ ಮದುವೆಗೆ ಅದೇ ಸಾಕ್ಷಿಯಾಗಬಹುದು.

ಇಲ್ಲೇ ಒಂದು ಎಚ್ಚರಿಕೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ರೂಢಿ ಇತ್ತು. ತವರಿನಲ್ಲಿ ಗಂಗವ್ವ, ಗಂಡನ ಮನೆಯಲ್ಲಿ ಪಾರ್ವತೆವ್ವ. ಪಲ್ಟಣಕ್ಕೆ ಒಂದು ಹೆಸರು ಹೋಗಿ, ಆಧಾರ್ ಕಾರ್ಡಿಗೆ ಇನ್ನೊಂದು ಹೋಗಿದ್ದರೆ, ಗಂಡ ತೀರಿಕೊಂಡ ಮೇಲೆ ಪಿಂಚಣಿಗಾಗಿ ಆ ತಾಯಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ರಕ್ಷಣಾ ಪಿಂಚಣಿಗಳು 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದ ಮೇಲೆ ಹೆಸರು ಹೊಂದಿಕೆಯಾಗುವುದು ಇನ್ನೂ ಮುಖ್ಯವಾಗಿದೆ. ಊರಲ್ಲಿ ನಿವೃತ್ತ ಸೈನಿಕರಾದ ತಂದೆಯವರು ಇದ್ದರೆ, ಪಿ.ಪಿ.ಓ.ದಲ್ಲಿ ತಾಯಿಯವರ ಹೆಸರು ಹೇಗಿದೆ ಎಂದು ಮುಂದಿನ ರಜೆಯಲ್ಲಿ ಮರೆಯದೆ ನೋಡಿ. ತಿದ್ದುವುದಿದ್ದರೆ ತಂದೆಯವರು ಇರುವಾಗಲೇ ಸುಲಭ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರು ದಾರಿ ತೋರಿಸುತ್ತಾರೆ.

ಮದುವೆಯ ದಾಖಲೆ ಎಲ್ಲಿ?

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ನೋಂದಣಿಗೆ ಅವಕಾಶವಿದ್ದರೂ ಜನ ಆ ಗೋಜಿಗೆ ಹೋಗುತ್ತಿರಲಿಲ್ಲ. ಕರ್ನಾಟಕ 1976ರಲ್ಲಿ ವಿವಾಹ ನೋಂದಣಿಗೆ ತನ್ನದೇ ಕಾಯ್ದೆ ಮಾಡಿತು. 2006ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಬೇಕೆಂದು ಹೇಳಿತು. ಅದಕ್ಕೂ ಹಿಂದಿನ ಹಿಂದೂ ಮದುವೆಗಳಿಗೆ ಲಗ್ನಪತ್ರಿಕೆ, ಮುಯ್ಯಿ ಬರೆದ ಪಟ್ಟಿ, ಪುರೋಹಿತರ ಮನೆಯ ಪುಸ್ತಕ, ಇವೇ ಆಧಾರ. ಕರಾವಳಿಯ ಕ್ರೈಸ್ತ ಬಂಧುಗಳ ಕೆಲಸ ಇದಕ್ಕಿಂತ ಸುಲಭ. ಇಗರ್ಜಿಯ ಮದುವೆ ಪುಸ್ತಕದಲ್ಲಿ ವಧೂವರರ ತಂದೆತಾಯಿಯರ ಹೆಸರೂ, ಸಾಕ್ಷಿಗಳ ಹೆಸರೂ ಸಿಗುತ್ತವೆ. ಮುಸ್ಲಿಂ ಬಂಧುಗಳು ಜಮಾಅತಿನ ಅಥವಾ ಖಾಜಿಯವರ ನಿಕಾಹ್ ಪುಸ್ತಕವನ್ನು ಕೇಳಿ ನೋಡಬೇಕು.

ಮನೆತನ ಯಾವ ಕಡೆಯಿಂದ ಹರಿಯುತ್ತದೆ ಎಂಬುದನ್ನೂ ನೆನಪಿಡಬೇಕು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ ಬರುವುದು ತಾಯಿಯಿಂದ. ಅಲ್ಲಿ ತಂದೆಯ ಅಡ್ಡಹೆಸರನ್ನು ಹಿಡಿದು ಹೋದರೆ ಬೇರೆಯವರ ಮನೆಗೆ ಹೋಗಿ ನಿಂತ ಹಾಗೆ. ಮದ್ರಾಸ್ ಸರ್ಕಾರ 1949ರಲ್ಲಿ ಅಳಿಯಸಂತಾನಕ್ಕೆಂದೇ ಕಾಯ್ದೆ ಮಾಡಿದ್ದುಂಟು. ಕೊಡವರಲ್ಲಿ ಒಕ್ಕದ ಹೆಸರು ಮೊದಲು ಬರುತ್ತದೆ, ಮದುವೆಯಾದ ಹೆಣ್ಣು ಗಂಡನ ಒಕ್ಕಕ್ಕೆ ಸೇರುತ್ತಾಳೆ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ ಕೆ.ಎಂ. ಕಾರ್ಯಪ್ಪನವರು ಮತ್ತು 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯನವರು ಇಬ್ಬರೂ ಕೊಡಂದೇರ ಒಕ್ಕದವರು. ಆದರೆ ಪಟ್ಟಿಯಲ್ಲಿ ಒಬ್ಬರು 'ಕಾರ್ಯಪ್ಪ', ಇನ್ನೊಬ್ಬರು 'ತಿಮ್ಮಯ್ಯ'. ಮನೆತನವೆಲ್ಲ ಆ ಒಂದು 'ಕೆ' ಅಕ್ಷರದಲ್ಲಿ ಅಡಗಿ ಕುಳಿತಿದೆ! ನಿಮ್ಮ ಇನಿಶಿಯಲ್‌ಗಳನ್ನೂ ಬಿಡಿಸಿ ನೋಡಿ.

ಕಿಲ್ಲೇದಾರ ಎಂದರೆ ಕೋಟೆ ಕಾದವನೇ?

ಕಿಲ್ಲೇದಾರ, ಜಮಾದಾರ, ಹವಾಲ್ದಾರ, ದಳವಾಯಿ, ಗೋಲಂದಾಜ್ ಎಂಬ ಅಡ್ಡಹೆಸರುಗಳು ಸೈನ್ಯದ ಹುದ್ದೆಗಳಿಂದ ಬಂದವು. ಗೋಲಂದಾಜ್ ಎಂದರೆ ತೋಪು ಹಾರಿಸುವವನು. ಆದರೆ ಹೆಸರಿದ್ದ ಮಾತ್ರಕ್ಕೆ ಮುತ್ತಜ್ಜ ಆ ಹುದ್ದೆಯಲ್ಲಿದ್ದರು ಎಂದು ಹೇಳಲಾಗದು. ಹವಾಲ್ದಾರ ಎಂಬ ಹುದ್ದೆ ಕಂದಾಯದ ಕಚೇರಿಯಲ್ಲೂ ಇತ್ತು. ಒಂದು ಮನೆಯ ಹೆಸರು ದತ್ತು ಹೋದವರಿಗೂ, ಅಳಿಯತನಕ್ಕೆ ಬಂದವರಿಗೂ ಅಂಟಿಕೊಳ್ಳುತ್ತಿತ್ತು. ಹೆಸರು ಒಂದು ಸುಳಿವು ಮಾತ್ರ. ಪುರಾವೆ ಬೇಕಾದರೆ ಕಾಗದವೇ ಬೇಕು.

ಈ ವಾರಾಂತ್ಯಕ್ಕೆ ಒಂದಿಷ್ಟು ಕೆಲಸ

ಊರಿಗೆ ಫೋನು ಮಾಡಿದಾಗ ಹಿರಿಯರನ್ನು ಈ ನಾಲ್ಕು ಪ್ರಶ್ನೆ ಕೇಳಿ. ಅಜ್ಜ ಯಾವ ಪಲ್ಟಣ, ನಂಬರು ನೆನಪಿದೆಯೇ? ಆಗ ಊರು ಯಾವ ತಾಲ್ಲೂಕಿಗೆ ಸೇರಿತ್ತು? ಅಜ್ಜಿಯ ತವರು ಯಾವುದು, ಮದುವೆಗೆ ಮುಂಚೆ ಅವರ ಹೆಸರೇನು? ಪಿಂಚಣಿ ಯಾವ ಖಜಾನೆಯಿಂದ ಬರುತ್ತಿತ್ತು?

ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಪುಸ್ತಕ, ಪದಕ, ಮನಿಯಾರ್ಡರ್ ರಸೀದಿಗಳನ್ನು ಬಿಸಾಡಬೇಡಿ ಎಂದು ಹೇಳಿ. 1914ರ ಯುದ್ಧದ ಪದಕಗಳ ಅಂಚನ್ನು ಬೆಳಕಿಗೆ ಹಿಡಿದರೆ ಸೈನಿಕನ ನಂಬರು, ಹೆಸರು, ಪಲ್ಟಣ ಕಾಣುತ್ತದೆ. ಎಲ್ಲದರ ಫೋಟೋ ತೆಗೆಸಿ ಒಂದು ಪ್ರತಿ ಊರಲ್ಲಿ, ಒಂದು ಪ್ರತಿ ಇಲ್ಲಿ ಇಟ್ಟುಕೊಳ್ಳಿ. ಆಮೇಲೆ ರೆಕಾರ್ಡ್ ಆಫೀಸಿಗೆ ಪತ್ರ ಬರೆಯಿರಿ. ಹತ್ತಿರದ ಸಂಬಂಧಿಕರ ಸಹಿ ಇದ್ದರೆ ಒಳ್ಳೆಯದು. ಭಾರತದ ಪಾಸ್‌ಪೋರ್ಟ್ ಇರುವವರು ವಿದೇಶದಲ್ಲಿದ್ದರೂ ಕೇಂದ್ರ ಸರ್ಕಾರದ ಕಚೇರಿಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು.

ಹುಡುಕಿದ ಎಲ್ಲರಿಗೂ ಅಡ್ಡಹೆಸರಿನ ಮೂಲ ಸಿಗುತ್ತದೆ ಎಂಬ ಭರವಸೆ ಇಲ್ಲ. ಆದರೆ ಹುಡುಕುವಾಗ ಅಜ್ಜಿಯ ತವರಿನ ಹೆಸರೊಂದು ಸಿಕ್ಕರೂ ನಮ್ಮ ಮಕ್ಕಳಿಗೆ ಇದುವರೆಗೆ ಗೊತ್ತಿಲ್ಲದ ಇನ್ನೊಂದು ಊರು, ಇನ್ನೊಂದು ಬಳಗ ಸಿಕ್ಕಂತೆ. ಹೇಳಬಲ್ಲವರು ಫೋನಿಗೆ ಸಿಗುವಷ್ಟು ಕಾಲ ಕೇಳಿ ಬರೆದಿಟ್ಟುಕೊಳ್ಳೋಣ.