ಜಾಗತಿಕ ಪಿಡುಗು ಮತ್ತು ಬೋಧನಾ ಆಸ್ಪತ್ರೆ: ಬಳ್ಳಾರಿ–ವಿಜಯನಗರ ಪ್ರದೇಶದ ಅನುಭವ

ಹೊಸಪೇಟೆಯ ದಕ್ಷಿಣಕ್ಕೆ ಹೆದ್ದಾರಿಯ ಮೇಲಿರುವ ಮರಿಯಮ್ಮನಹಳ್ಳಿ ರಂಗಕಲಾವಿದರ ಊರೆಂದು ನಾಡಿಗೆ ಪರಿಚಿತವಾಗಿದೆ. ಇಲ್ಲಿ ಕಾಯಿಲೆ ಬಿದ್ದವರು ಮೊದಲು ಊರಿನ ಸರ್ಕಾರಿ ಆಸ್ಪತ್ರೆಗೆ, ಅಲ್ಲಿ ಗುಣವಾಗದಿದ್ದರೆ ಹೊಸಪೇಟೆಗೆ, ರೋಗ ಉಲ್ಬಣಿಸಿದರೆ ಬಳ್ಳಾರಿಗೆ ಹೋಗುವುದು ವಾಡಿಕೆ. ಸಂಡೂರು, ಕಂಪ್ಲಿ ಭಾಗದ ಬಡವರ ದಾರಿಯೂ ಕೊನೆಗೆ ಬಳ್ಳಾರಿಯನ್ನೇ ಸೇರುತ್ತದೆ. ಅಲ್ಲಿರುವುದು 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭಗೊಂಡು, ಮುಂದೆ ವಿಜಯನಗರ ವೈದ್ಯಕೀಯ ವಿಜ್ಞಾನ ಸಂಸ್ಥೆ (ವಿಮ್ಸ್) ಎನಿಸಿ, ಈಗ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರವೆಂಬ ಹೆಸರು ಪಡೆದಿರುವ ಸಂಸ್ಥೆ. 2021ರಲ್ಲಿ ವಿಜಯನಗರ ಪ್ರತ್ಯೇಕ ಜಿಲ್ಲೆಯಾದಾಗಲೂ ರೋಗಿಗಳ ಈ ದಾರಿ ಬದಲಾಗಲಿಲ್ಲ.

ಬೋಧನಾ ಆಸ್ಪತ್ರೆಯ ಹೊಣೆ ಮೂರು ಬಗೆಯದು: ಚಿಕಿತ್ಸೆ, ಶಿಕ್ಷಣ ಮತ್ತು ರೋಗಪರೀಕ್ಷೆಯನ್ನೊಳಗೊಂಡ ಸಂಶೋಧನೆ. ಸಾಮಾನ್ಯ ದಿನಗಳಲ್ಲಿ ಇವು ಒಂದನ್ನೊಂದು ಪೋಷಿಸುತ್ತವೆ. ರೋಗಿಯ ಹಾಸಿಗೆಯೇ ವಿದ್ಯಾರ್ಥಿಗೆ ಪಾಠಶಾಲೆ. ವಿದ್ಯಾರ್ಥಿಯ ದುಡಿಮೆಯೇ ರೋಗಿಗೆ ಆಸರೆ. ಕೋವಿಡ್-19 ಪಿಡುಗು ಈ ಹೆಣಿಗೆಯನ್ನೇ ಸಡಿಲಿಸಿತೆಂಬುದು ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ.

ಮೊದಲ ಸವಾಲು ರೋಗಪತ್ತೆಯದಾಗಿತ್ತು. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ ವೃದ್ಧರಿಗೆ ಸೋಂಕಿದ್ದುದು ದೃಢಪಟ್ಟದ್ದು ಮಾರ್ಚ್ 12ರಂದು. ಭಾರತದಲ್ಲಿ ಈ ರೋಗದಿಂದ ಸಂಭವಿಸಿದ ಮೊದಲ ಸಾವು ಅದು. ಆ ತಿಂಗಳ ಕೊನೆಗೆ ಹೊಸಪೇಟೆಯಲ್ಲಿಯೂ ಸೋಂಕು ಕಾಣಿಸಿಕೊಂಡಿತು. ಮಾದರಿಗಳನ್ನು ದೂರದ ಬೆಂಗಳೂರಿಗೆ ಕಳುಹಿಸಿ ಫಲಿತಾಂಶಕ್ಕಾಗಿ ಕಾಯುವ ಸ್ಥಿತಿಯನ್ನು ತಪ್ಪಿಸಿದ್ದು ವಿಮ್ಸ್‌ನಂತಹ ಕಾಲೇಜುಗಳಲ್ಲಿ ಆರಂಭವಾದ ವೈರಾಣು ಪ್ರಯೋಗಾಲಯಗಳು. ಅವುಗಳನ್ನು ನಡೆಸಿದವರು ಅದುವರೆಗೆ ಪಾಠ ಹೇಳುತ್ತಿದ್ದ ಸೂಕ್ಷ್ಮಜೀವಿಶಾಸ್ತ್ರ ವಿಭಾಗದವರೇ ಆಗಿದ್ದರು.

ಎರಡನೆಯದು ಆಮ್ಲಜನಕದ ಸವಾಲು. ದೊಡ್ಡ ಸಿಲಿಂಡರೊಂದರಲ್ಲಿ ಸುಮಾರು 7,000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 60 ಲೀಟರ್ ಬೇಡುವ ಒಬ್ಬ ರೋಗಿಗೆ ಅದು ಎರಡು ಗಂಟೆಯೂ ಸಾಲದು. ಆದ್ದರಿಂದ ಹಾಸಿಗೆಗಳ ಸಂಖ್ಯೆಗಿಂತ ದ್ರವ ಆಮ್ಲಜನಕದ ತೊಟ್ಟಿ, ಕೊಳವೆ ಮಾರ್ಗ ಹಾಗೂ ಅವುಗಳ ಒತ್ತಡವನ್ನು ಗಮನಿಸುವ ತಂತ್ರಜ್ಞರು ನಿರ್ಣಾಯಕರಾದರು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟ ದುರಂತ ಈ ಸತ್ಯವನ್ನು ಕಠೋರವಾಗಿ ತೋರಿಸಿತು. ಅದೇ ತಿಂಗಳು ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ, ಜಿಂದಾಲ್ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನು ಕೊಳವೆಯ ಮೂಲಕವೇ ಪಡೆಯುವ 1,000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಸಿದ್ಧವಾಯಿತು. ಆಮ್ಲಜನಕವನ್ನು ರೋಗಿಯ ಬಳಿಗೆ ಸಾಗಿಸುವ ಬದಲು ರೋಗಿಯನ್ನೇ ಅದರ ಉತ್ಪಾದನಾ ಸ್ಥಳದ ಬಳಿಗೆ ಕರೆತಂದ ಕ್ರಮವಿದು. ಆದರೆ ಹಾಸಿಗೆಗಳನ್ನು ವಾರಗಳಲ್ಲಿ ಹೆಚ್ಚಿಸಬಹುದು. ನುರಿತ ವೈದ್ಯರನ್ನೂ ದಾದಿಯರನ್ನೂ ಹಾಗೆ ಹೆಚ್ಚಿಸಲಾಗದು.

ಮೂರನೆಯ ಸವಾಲು ಇದರಿಂದಲೇ ಹುಟ್ಟಿದುದು. 2020ರ ಮಾರ್ಚ್‌ನಲ್ಲಿ ತರಗತಿಗಳು ನಿಂತು ಪಾಠಗಳು ಅಂತರ್ಜಾಲಕ್ಕೆ ಸರಿದವು. ಆದರೆ ಎದೆಯ ಸದ್ದನ್ನು ಆಲಿಸುವ, ಹೊಟ್ಟೆಯನ್ನು ಮುಟ್ಟಿ ನೋಡುವ, ಹೆರಿಗೆ ಮಾಡಿಸುವ ಕೌಶಲ ಪರದೆಯ ಮೇಲೆ ದಕ್ಕುವಂಥದಲ್ಲ. 2021ರ ಮೇ 3ರಂದು ಕೇಂದ್ರ ಸರ್ಕಾರವು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯನ್ನು ಕನಿಷ್ಠ ನಾಲ್ಕು ತಿಂಗಳು ಮುಂದೂಡಿ, ಗೃಹವೈದ್ಯ ತರಬೇತಿಯಲ್ಲಿದ್ದವರನ್ನು ಬೋಧಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಸೇವೆಗೆ ನಿಯೋಜಿಸಲು ಅನುಮತಿಸಿತು. ಪರೀಕ್ಷೆ ನಡೆದದ್ದು ಸೆಪ್ಟೆಂಬರ್ 11ರಂದು. ಸೀಟು ಹಂಚಿಕೆ ಆರಂಭವಾದದ್ದು 2022ರ ಜನವರಿಯಲ್ಲಿ. ಹೀಗೆ ಮೂರು ವರ್ಷದ ವ್ಯಾಸಂಗದ ಮೆಟ್ಟಿಲುಗಳಲ್ಲಿ ಕೆಳಗಿನದೊಂದು ಬರಿದಾಗಿ, ಉಳಿದವರ ಮೇಲೆ ರಾತ್ರಿ ಪಾಳಿಯ ಹೊರೆ ಏರಿತು.

ಇದರ ಬೆಲೆ ತೆತ್ತವರಲ್ಲಿ ಕೋವಿಡ್‌ಪೀಡಿತರಲ್ಲದವರೂ ಇದ್ದರು. ವಾರ್ಡುಗಳು ಒಂದೇ ರೋಗಕ್ಕೆ ಮೀಸಲಾದಾಗ ಮುಂದೂಡಲ್ಪಟ್ಟ ಶಸ್ತ್ರಚಿಕಿತ್ಸೆ, ತಪ್ಪಿದ ಕ್ಷಯರೋಗದ ತಪಾಸಣೆ, ಬಸ್ಸಿಲ್ಲದೆ ನಿಂತುಹೋದ ಪಯಣಗಳು ಯಾವ ದೈನಂದಿನ ಪ್ರಕಟಣೆಯಲ್ಲೂ ಎಣಿಕೆಯಾಗಲಿಲ್ಲ. ಮರಿಯಮ್ಮನಹಳ್ಳಿಯಂತಹ ಊರುಗಳಿಗೆ ಬಳ್ಳಾರಿ ಇನ್ನಷ್ಟು ದೂರವಾದದ್ದು ಹೀಗೆ.

ಮೃತದೇಹದ ಗೌರವವೂ ಕಲಿಸಬೇಕಾದ ವಿಷಯವೆಂಬುದನ್ನು 2020ರ ಜೂನ್ ಅಂತ್ಯದ ಘಟನೆ ಮನಗಾಣಿಸಿತು. ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ದೃಶ್ಯ ಪ್ರಸಾರವಾದಾಗ ಜಿಲ್ಲಾಡಳಿತ ಕ್ಷಮೆ ಕೋರಿತು. ಆ ತಂಡವನ್ನು ಕೈಬಿಟ್ಟು, ವಿಮ್ಸ್‌ನ ವಿಧಿವಿಜ್ಞಾನ ವಿಭಾಗದ ಮುಖ್ಯಸ್ಥರ ನೇತೃತ್ವದಲ್ಲಿ ತರಬೇತಿ ಪಡೆದ ಹೊಸ ತಂಡವನ್ನು ನಿಯೋಜಿಸುವುದಾಗಿ ತಿಳಿಸಿತು. ಅದೇ ವರ್ಷ ಪಿಡುಗು ನಿರ್ವಹಣೆಯ ಪಾಠಭಾಗವು ದೇಶದ ವೈದ್ಯಕೀಯ ಪಠ್ಯಕ್ರಮವನ್ನು ಸೇರಿತು.

ಮುಂದಿನ ಪಿಡುಗಿಗೆ ಸಿದ್ಧತೆಯೆಂದರೆ ಕಟ್ಟಡ ಮತ್ತು ಯಂತ್ರಗಳಷ್ಟೇ ಅಲ್ಲ. ಬೋಧನಾ ಆಸ್ಪತ್ರೆಯ ಒಂದು ಪಾಲನ್ನು ಎಂಥ ಸಂದರ್ಭದಲ್ಲಿಯೂ ಇತರ ರೋಗಗಳಿಗೂ ಕಲಿಕೆಗೂ ಉಳಿಸಿಕೊಳ್ಳಬೇಕು; ತಾಲ್ಲೂಕು ಆಸ್ಪತ್ರೆಗಳನ್ನು ತರಬೇತಿಯ ನೆಲೆಗಳಾಗಿ ಮೊದಲೇ ಬೆಳೆಸಬೇಕು. ಇಂದಿನ ವಾರ್ಡಿನಲ್ಲಿ ಕಲಿಯದೆ ಹೋದುದರ ಕೊರತೆ ನಾಳೆ ಹಳ್ಳಿಯ ಆಸ್ಪತ್ರೆಯಲ್ಲಿ ಕಾಣಿಸಿಕೊಳ್ಳುತ್ತದೆ.